ಬೆಡ್ಡು, ಬ್ರೇಕ್‌ಫಾಸ್ಟು ಮತ್ತು ನಮ್ಮ ಅತ್ತಿಗೆ

ದುಡ್ಡು ಕೊಟ್ಟು ನಿದ್ದೆ ಮಾಡುವುದು ಮೂರ್ಖರ ಕೆಲಸ ಎಂದು ಇಂದಿಗೂ ನಂಬಿಕೊಂಡಿರುವ ಜೀವ ಈ ಭೂಮಿಯ ಮೇಲೆ ಒಂದೇ ಒಂದು ಉಳಿದಿದ್ದರೆ, ಅದು ಕಾಪುವಿನಲ್ಲಿರುವ ನನ್ನ ಅತ್ತಿಗೆ. ನೆನಪಿಡಿ, ಇವರು ಉಡುಪಿ ಕಡೆಯ ಹೆಂಗಸು! ನಮ್ಮವರು ಊರೂರಿಗೆ ಹೋಗಿ ಹೋಟೆಲ್ ಇಟ್ಟು, ಇಡೀ ದೇಶಕ್ಕೆ ದೋಸೆ ತಿನ್ನಿಸಿ, ತಿಂದವರು ಮಲಗಲಿ ಎಂದು ಮೇಲಿನ ಮಹಡಿಯಲ್ಲಿ ಲಾಡ್ಜ್ ಕಟ್ಟಿಸಿ ಉದ್ಧಾರವಾದವರು. ಅತ್ತಿಗೆಯಂಥ ಗಿರಾಕಿಗಳೇ ಜಗತ್ತಿನ ತುಂಬ ಇದ್ದಿದ್ದರೆ ಅವರೆಲ್ಲ ಈಗಲೂ ಊರಿನಲ್ಲಿ ತೆಂಗಿನಕಾಯಿ ಹೆಕ್ಕಿಕೊಂಡು ಇರುತ್ತಿದ್ದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಈಗ ಇಲ್ಲ. ನಾನು ಮದುವೆಯಾಗದವಳು, ಉಡುಪಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿ ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಪುಸ್ತಕಗಳ ಜೊತೆ ಇದ್ದೇನೆ. ಗುರುವಾರ ಗುರುವಾರ ಬಸ್ಸು ಹತ್ತಿ ಕಾಪುವಿಗೆ ಹೋಗುತ್ತೇನೆ. ಅತ್ತಿಗೆ ಮೀನು ಸಾರು ಮಾಡಿರುತ್ತಾರೆ. ಉಂಡು, ಸ್ವಲ್ಪ ಜಗಳವಾಡಿ, ಸಂಜೆಯ ಬಸ್ಸಿಗೆ ವಾಪಸು. ನಮ್ಮ ಮಾತೆಲ್ಲ ನಡೆಯುವುದು ತುಳುವಿನಲ್ಲಿ; ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅತ್ತಿಗೆ ಇನ್ನೂ ಜೋರು.

ಒಮ್ಮೆ ನಾವೊಂದಿಷ್ಟು ಹೆಂಗಸರು ಜೈಪುರಕ್ಕೆ ಟೂರು ಹೋಗಿದ್ದೆವು. ಲಾಡ್ಜ್ ಮೊದಲೇ ಬುಕ್ ಆಗಿತ್ತು. ರೂಮಿನ ಬಾಗಿಲು ತೆರೆದದ್ದೇ ತಡ, ಅತ್ತಿಗೆ ಒಳಗೊಮ್ಮೆ ಇಣುಕಿ, ಈ ಹಾಸಿಗೆಯಲ್ಲಿ ನಿನ್ನೆ ಯಾರು ಮಲಗಿದ್ದರೋ ಎಂದು ಹೇಳಿ, ಸೂಟ್‌ಕೇಸ್ ಹಿಡಿದು ಕೆಳಗಿಳಿದೇಬಿಟ್ಟರು. ಎದುರಿಗೆ ನಮ್ಮ ಕಡೆಯವರದ್ದೊಂದು ಹೋಟೆಲ್. ಕ್ಯಾಶಿನಲ್ಲಿ ಕುಳಿತವನನ್ನು ವಿಚಾರಣೆ ಮಾಡತೊಡಗಿದರು. ಯಾವ ಊರು? ಶಿರ್ವವಾ? ಶಿರ್ವದಲ್ಲಿ ಯಾರ ಪೈಕಿ? ತಾಯಿಯ ಮನೆ ಎಲ್ಲಿ? ಅವನ ಕಾಫಿ ಆರುವುದರೊಳಗೆ ಅವನ ದೊಡ್ಡಮ್ಮನನ್ನು ನಮ್ಮ ಯಾವುದೋ ಮನೆಗೆ ಕೊಡಬೇಕೆಂದು ಹಿಂದೆ ಮಾತುಕತೆ ನಡೆದದ್ದು, ಆದರೆ ಕೊಡದೇ ಇದ್ದದ್ದು ಗೊತ್ತಾಯಿತು. ಅತ್ತಿಗೆಗೆ ಅಷ್ಟು ಸಾಕು! ಅಂದು ರಾತ್ರಿ ನಾವೆಲ್ಲ ಮಲಗಿದ್ದು ಆ ಬಡಪಾಯಿಯ ಮನೆಯ ಹಾಲ್‌ನಲ್ಲಿ. ಬೆಳಿಗ್ಗೆ ಅವನ ಹೆಂಡತಿ ನೀರುದೋಸೆ ಹೊಯ್ದು ಹೊಯ್ದು ಸುಸ್ತಾದಳು. ಹೊರಡುವಾಗ ಅತ್ತಿಗೆ ಅವಳಿಗೆ ದೋಸೆ ಸ್ವಲ್ಪ ದಪ್ಪವಾಯಿತು ಎಂದೂ ಹೇಳಿದರು. ದುಡ್ಡು ಕೊಟ್ಟ ಲಾಡ್ಜಿನಲ್ಲಿ ಈ ಸ್ವಾತಂತ್ರ್ಯ ಉಂಟಾ, ನೀವೇ ಹೇಳಿ?

ಇಂಥವರ ಜೊತೆ ಸ್ಕಾಟ್ಲೆಂಡಿಗೆ ಹೋಗುವ ಯೋಚನೆ ನನಗೆ ಎಲ್ಲಿಂದ ಬಂತು?

ಬಂದದ್ದು ಅವರ ಜೊತೆ ಹೋಗುವ ಯೋಚನೆ ಅಲ್ಲ. ಸ್ಕಾಟ್ಲೆಂಡ್ ನನ್ನೊಬ್ಬಳ ಹುಚ್ಚು. ಕಾನ್ವೆಂಟಿನಲ್ಲಿ ನಮಗೆ ಜಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಆ ಕಡೆಯವರು. ಮಳೆಗಾಲದ ಮಧ್ಯಾಹ್ನಗಳಲ್ಲಿ ಪಾಠ ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಾ, ತಮ್ಮ ಊರಿನ ಮೋಡ, ಕುರಿ, ಕಲ್ಲಿನ ಮನೆ, ಬೆಳಿಗ್ಗೆಯ ಟೋಸ್ಟು, ಅದಕ್ಕೆ ಸವರುವ ಕಿತ್ತಳೆಯ ಮಾರ್ಮಲೇಡು ಎಂದೆಲ್ಲ ಹೇಳುತ್ತಿದ್ದರು. ನಾವು ಅದನ್ನೂ ಸಿಲೆಬಸ್ ಎಂದುಕೊಂಡು ಬರೆದುಕೊಳ್ಳುತ್ತಿದ್ದೆವು. ಶಿ ವಾಸ್ ಹೋಮ್‌ಸಿಕ್, ಪೂರ್ ಥಿಂಗ್. ಆ ವಯಸ್ಸಿನಲ್ಲಿ ನಮಗೆ ಹೇಗೆ ಗೊತ್ತಾಗಬೇಕು? ಅವರು ವಾಪಸು ಹೋಗಲೇ ಇಲ್ಲ. ಆದರೆ ಆ ಕಿಟಕಿ ಮಾತ್ರ ನನ್ನ ತಲೆಯೊಳಗೆ ತೆರೆದೇ ಉಳಿಯಿತು. ಒಮ್ಮೆ, ಒಂದೇ ಒಂದು ಸಲ, ಆ ಕಡೆಯ ಯಾವುದಾದರೂ ಪುಟ್ಟ ಊರಿನಲ್ಲಿ, ಒಂದು ಬೆಡ್ ಅಂಡ್ ಬ್ರೇಕ್‌ಫಾಸ್ಟ್‌ನಲ್ಲಿ ಉಳಿದು, ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಮಾರ್ಮಲೇಡ್ ತಿನ್ನಬೇಕು. ದಟ್ಸ್ ಆಲ್. ಕ್ಯಾಸಲ್, ಮ್ಯೂಸಿಯಂ ಏನೂ ಬೇಡ.

ಒಂದು ಗುರುವಾರ ಟ್ಯಾಬ್ಲೆಟ್‌ನಲ್ಲಿ ಅಂಥ ಮನೆಗಳ ಫೋಟೋ ನೋಡುತ್ತಾ ಕುಳಿತಿದ್ದೆ. ಅತ್ತಿಗೆ ಹಿಂದಿನಿಂದ ಬಗ್ಗಿದರು. ಸಮುದ್ರ, ಬಂಡೆ, ಬಂಡೆಯ ಮೇಲೊಂದು ದೀಪಸ್ತಂಭ, ಈಚೆಗೆ ಎರಡು ಮಹಡಿಯ ಬಿಳಿ ಮನೆ.

"ಕಾಪುವೇ ಅಲ್ವಾ ಇದು? ಯಾರ ಮನೆ?"

ಮನೆ ಅಲ್ಲ, ಬಿ ಅಂಡ್ ಬಿ ಎಂದೆ. ದುಡ್ಡು ಕೊಟ್ಟು ಇರುವ ಜಾಗ.

"ಕೆಳಗೆ ಯಾರು ಇರುವುದು?"

"ಮನೆಯವರೇ. ಗಂಡ ಹೆಂಡತಿ."

"ಬೆಳಿಗ್ಗೆ ತಿಂಡಿ ಮಾಡುವುದು?"

"ಅವಳೇ ಮಾಡ್ತಾಳೆ."

"ಗಂಡ ಹೆಂಡತಿ ಇದ್ದಾರೆ, ಒಲೆ ಉಂಟು, ತಿಂಡಿ ಅವಳೇ ಮಾಡಿ ಬಡಿಸ್ತಾಳೆ. ಮತ್ತೆ ಮನೆ ಅಲ್ಲದೆ ಎಂತ ಅದು? ನಾನೂ ಬರ್ತೇನೆ."

ಮುಗಿಯಿತು. ಸಿಸ್ಟರ್ ಕೊಟ್ಟ ಕನಸು, ಅದೂ ಸಿಂಗಲ್ ರೂಮಿನದ್ದು, ಒಂದೇ ನಿಮಿಷದಲ್ಲಿ ಡಬಲ್ ರೂಮಾಯಿತು.

ಆಮೇಲೆ ಶುರುವಾಯಿತು ಪತ್ರವ್ಯವಹಾರ. ಮನೆಯೊಡತಿಯ ಹೆಸರು ಐಲೀನ್. ನಮ್ಮ ವಯಸ್ಸಿನವರೇ. ರೂಮ್ ಖಾಲಿ ಉಂಟಾ ಎಂದು ನಾನು ಕೇಳಿದೆ, ಉಂಟು ಎಂದು ಅವರು ಬರೆದರು. ಜಗತ್ತಿನ ಬೇರೆ ಯಾರಿಗಾದರೂ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅತ್ತಿಗೆ ಕೇಳಿದರು, ಬರುತ್ತೇವೆ ಎಂದ ಮೇಲೆ ಹೇಗಿದ್ದೀರಿ ಎಂದು ವಿಚಾರಿಸುವ ಕ್ರಮ ಬೇಡವಾ? ಮಕ್ಕಳು ಎಷ್ಟು, ಗಂಡನಿಗೆ ಎಂತ ಕೆಲಸ, ಆರೋಗ್ಯ ಹೇಗೆ? ಕಾನ್ವೆಂಟಿನಲ್ಲಿ ನಮಗೆ ಪರ್ಸನಲ್ ಪ್ರಶ್ನೆಗಳನ್ನು ಕೇಳಬಾರದೆಂದು ಬೆರಳಿನ ಗಂಟಿಗೆ ರೂಲರ್ ಬೀಸಿ ಕಲಿಸಿದ್ದಾರೆ. ನಾನು ಬರೆಯಲು ಹಿಂದೆಮುಂದೆ ನೋಡಿದೆ. ಕೊನೆಗೆ ಅತ್ತಿಗೆಯ ಅಷ್ಟೂ ಪ್ರಶ್ನೆಗಳನ್ನು ಸೋಸಿ, ಹೋಪ್ ಯು ಅಂಡ್ ಯುವರ್ ಹಸ್ಬೆಂಡ್ ಆರ್ ಕೀಪಿಂಗ್ ವೆಲ್ ಎಂದು ಒಂದೇ ಸಾಲು ಬರೆದೆ. ನಾನು ಇಷ್ಟು ಹೇಳಿದೆ, ನೀನು ಅಷ್ಟೇ ಬರೆದೆಯಾ ಎಂದು ಅತ್ತಿಗೆ ಸಂಶಯಪಟ್ಟರು. ಇಂಗ್ಲಿಷ್ ಸಣ್ಣ ಭಾಷೆ ಎಂದು ಸಮಾಧಾನ ಮಾಡಿದೆ.

ಆಶ್ಚರ್ಯವೆಂದರೆ ಆ ಒಂದು ಸಾಲಿಗೆ ಐಲೀನ್ ಒಂದು ಪುಟ ಉತ್ತರ ಬರೆದರು! ಗಂಡನಿಗೆ ಮೊಣಕಾಲು ನೋವಂತೆ. ಹಿತ್ತಿಲಿನ ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಸುವ ಹುಚ್ಚಂತೆ, ಊಟಕ್ಕೆ ಕರೆದರೂ ಅಲ್ಲಿಂದ ಬರುವುದಿಲ್ಲವಂತೆ. ಅತ್ತಿಗೆ ಗೆದ್ದವರಂತೆ ನನ್ನನ್ನು ನೋಡಿ, ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ಬರೆಸಿದರು. ಅಲ್ಲಿ ಎಳ್ಳೆಣ್ಣೆ ಸಿಗದೆ ಆ ಮನುಷ್ಯ ಆಲಿವ್ ಎಣ್ಣೆ ತಿಕ್ಕಿಕೊಂಡನಂತೆ. ನೋವು ಕಮ್ಮಿಯಾಗಲಿಲ್ಲ, ಆದರೆ ಮನೆಯ ನಾಯಿ ಇಡೀ ದಿನ ಅವನ ಕಾಲು ಬಿಟ್ಟು ಕದಲಲಿಲ್ಲವಂತೆ. ಇದನ್ನು ಓದಿ ಹೇಳಿದಾಗ ಅತ್ತಿಗೆ ನಕ್ಕ ನಗು! ಅಣ್ಣ ಹೋದ ಮೇಲೆ ಅಂಥ ನಗು ನಾನು ಕೇಳಿರಲಿಲ್ಲ. ನೋಡು, ಒಳ್ಳೆಯ ಗಂಡಸು, ಹೇಳಿದ ಮಾತು ಕೇಳುತ್ತಾನೆ ಎಂದರು.

ಮನೆಯ ನಿಯಮಗಳು ಎಂಬ ಒಂದು ಹಾಳೆಯೂ ಬಂತು. ಅದರಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಅತಿಥಿಗಳು ದಯವಿಟ್ಟು ಹೊರಗೆ ಇರಬೇಕು ಎಂದಿತ್ತು. ಅತ್ತಿಗೆ ಕಂಗಾಲಾದರು.

"ಮನೆಗೆ ಬಂದವರನ್ನು ಹೊತ್ತು ಏರುವಾಗ ಹೊರಗೆ ಹಾಕಿದ್ರೆ ನೆರೆಕರೆಯವರು ಎಂತ ಹೇಳ್ತಾರೆ? ಪಾಪ, ಸಹಾಯಕ್ಕೆ ಜನ ಇಲ್ಲ ಕಾಣ್ತದೆ ಅವಳಿಗೆ. ಕೂತು ತರಕಾರಿ ಕೊಚ್ಚಿ ಕೊಡುವ, ಮಾರಾಯ್ತಿ. ಹಾಗೆ ಬರಿ."

ನನ್ನ ಅತ್ತಿಗೆ ಅಡುಗೆಮನೆಯಲ್ಲಿ ಸಹಾಯ ಮಾಡಲು ಇಚ್ಛಿಸುತ್ತಾರೆ ಎಂದು ನಾಚಿಕೆ ಬಿಟ್ಟು ಬರೆದೆ. ಸೋ ವೆರಿ ಕೈಂಡ್, ಆದರೆ ದಯವಿಟ್ಟು ರಿಲ್ಯಾಕ್ಸ್ ಮಾಡಿ ಎಂದು ಉತ್ತರ ಬಂತು. ಸಂಕೋಚ ಅವಳಿಗೆ ಎಂದರು ಅತ್ತಿಗೆ.

ಇನ್ನು ಕೊಂಡೊಯ್ಯುವ ಸಾಮಾನು. ಬರಿಗೈಯಲ್ಲಿ ಹೋಗುವುದುಂಟಾ? ಐಲೀನ್‌ಗೆ ಸಿಹಿತಿಂಡಿಯ ಜೊತೆ ಶಂಕರಪುರದ ಮಲ್ಲಿಗೆ. ಬಾಡುತ್ತದಲ್ಲ ಎಂದರೆ ಬಾಳೆಲೆಯಲ್ಲಿ ಕಟ್ಟುವ ಎಂಬ ಉತ್ತರ. ಅವಳ ಗಂಡನಿಗೆ ಗಾಜಿನ ಮನೆಯಲ್ಲಿ ನೆಡಲು ಮಟ್ಟುಗುಳ್ಳದ ಬೀಜ, ಅಂದರೆ ನಮ್ಮ ಮಟ್ಟು ಊರಿನ ಗುಂಡು ಬದನೆಯದ್ದು. ಅತ್ತಿಗೆ ನನ್ನನ್ನೂ ಎಳೆದುಕೊಂಡು ಮಟ್ಟುವಿಗೇ ಹೋದರು. ಅಲ್ಲಿಯ ಬೆಳೆಗಾರರೊಬ್ಬರು, ಈ ಗುಳ್ಳ ಹೊಳೆಯ ಆಚೆ ಬದಿಯಲ್ಲಿ ನೆಟ್ಟರೇ ರುಚಿ ಕೆಡುತ್ತದೆ, ನೀವು ಯಾವ ಊರಿನ ಮಾತಾಡುತ್ತಿದ್ದೀರಿ ಎಂದು ಕೇಳಿದರು. ಗಾಜಿನ ಮನೆಯ ವಿಷಯ ನಿಮಗೆ ಗೊತ್ತಿಲ್ಲ ಎಂದು ಅತ್ತಿಗೆ ಅವರಿಗೇ ತಿಳಿಹೇಳಿದರು. ವಿಮಾನದಲ್ಲಿ ಬೀಜ ಬಿಡುವುದಿಲ್ಲ, ಕಸ್ಟಮ್ಸ್‌ನವರು ಹಿಡಿಯುತ್ತಾರೆ ಎಂದು ನಾನು ಹೆದರಿಸಿದೆ.

"ಬೀಜ ಯಾಕೆ ಕೊಂಡುಹೋಗ್ತೇವೆ? ಗುಳ್ಳ ಕೊಂಡುಹೋಗುವುದು. ಅದರ ಒಳಗೆ ಬೀಜ ಇದ್ರೆ ನಾವೆಂತ ಮಾಡ್ಲಿಕ್ಕೆ ಆಗ್ತದೆ?"

ಈ ವಾದಕ್ಕೆ ಜಗತ್ತಿನ ಯಾವ ಕಸ್ಟಮ್ಸ್ ಆಫೀಸರ್ ಉತ್ತರ ಕೊಟ್ಟಾನು?

ಚಳಿಯ ತಯಾರಿ ಇದಕ್ಕಿಂತಲೂ ಗ್ರ್ಯಾಂಡ್. ಅಣ್ಣ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್ ಆಗಿದ್ದವನು. ಸ್ವೆಟರ್ ಸಾಕಾಗುತ್ತದಾ ಇಲ್ಲವಾ ಎಂದು ಹೋಗಿ ನೋಡಿಬಿಡುವ ಎಂದು ಅತ್ತಿಗೆ ಹೊರಟರು. ಹೊರಗೆ ಮಾರ್ಚ್ ತಿಂಗಳ ಬಿಸಿಲು, ಲಾರಿಗಳಿಂದ ಮೀನಿನ ನೀರು ಸೋರುತ್ತಿದೆ. ಇವರು ಎರಡು ಸ್ವೆಟರು, ತಲೆಗೆ ಮಫ್ಲರು, ಕಾಲಿಗೆ ಮೊಮ್ಮಗನ ಸಾಕ್ಸು! ಬಂದರಿನ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡಿದರು. ಅಣ್ಣನ ಕೈಕೆಳಗೆ ಕೆಲಸ ಮಾಡುತ್ತಿದ್ದ ಹಮೀದ್ ಇನ್ನೂ ಅಲ್ಲೇ ಇದ್ದಾನೆ. ಓಡಿಬಂದು, ಐಸ್ ರೂಮಿನೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಒರೆಸಿ ಕೊಟ್ಟ. ಅತ್ತಿಗೆ ಐಸಿನ ಗಡ್ಡೆಗಳ ಮಧ್ಯೆ ಮಹಾರಾಣಿಯಂತೆ ಕುಳಿತರು. ಹಮೀದ್ ಮೆಲ್ಲಗೆ ಹೇಳಿದ.

"ಸಾರ್ ಹೋದಾಗ ನಮಗೆ ಒಬ್ಬರಿಗೂ ಬರ್ಲಿಕ್ಕೆ ಆಗ್ಲಿಲ್ಲ ಅಕ್ಕ. ಉದ್ಯಾವರ ಸೇತುವೆಯಲ್ಲಿ ದಾರಿ ಬಂದ್ ಇತ್ತು."

ಆ ಲಾಕ್‌ಡೌನ್ ಕಾಲ. ಹೌದು, ಅಣ್ಣ ಹೋದದ್ದು ಆಗಲೇ.

ಅತ್ತಿಗೆ ಮಫ್ಲರ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ಇಲ್ಲಿ ಅಷ್ಟೆಂತ ಚಳಿ ಇಲ್ಲ ಹಮೀದ್," ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಇಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡು ನಾನು ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟೆ.

ಟಿಕೆಟ್ ಆಯಿತು. ರೂಮಿಗೆ ಅಡ್ವಾನ್ಸ್ ಹೋಯಿತು. ಯಾವ ಕಿಟಕಿಯ ಪಕ್ಕದ ಮಂಚ ಯಾರಿಗೆ ಎಂಬ ಜಗಳವೂ ಕಾಪುವಿನಲ್ಲೇ ಆಗಿ ಮುಗಿಯಿತು. ಹಾಗಿರುವಾಗ ಒಂದು ಗುರುವಾರ ಬೆಳಿಗ್ಗೆ, ನಾನು ಬಸ್ಸಿನಲ್ಲಿ ಇರುವಾಗಲೇ, ಐಲೀನ್ ಅವರ ಮೇಲ್ ಬಂತು. ಎಂದಿನಂತೆ ಪುಟಗಟ್ಟಲೆ ಅಲ್ಲ. ಮೂರೇ ಸಾಲು. ನನ್ನ ಪತಿ ಅನಿರೀಕ್ಷಿತವಾಗಿ ತೀರಿಕೊಂಡಿದ್ದಾರೆ. ಮನೆಯನ್ನು ಸದ್ಯಕ್ಕೆ ಮುಚ್ಚಿದ್ದೇನೆ, ನಿಮ್ಮ ಹಣ ಪೂರ್ತಿ ವಾಪಸು ಬರುತ್ತದೆ. ನಿಮಗಾದ ಇನ್‌ಕನ್ವೀನಿಯನ್ಸ್‌ಗೆ ಕ್ಷಮಿಸಿ.

ಗಂಡ ಸತ್ತದ್ದಕ್ಕೆ ಗಿರಾಕಿಗಳ ಕ್ಷಮೆ ಕೇಳುವ ಮ್ಯಾನರ್ಸ್! ನಮಗೂ ಕಲಿಸಿದ್ದು ಅದನ್ನೇ. ನಿಮ್ಮ ದುಃಖದಿಂದ ಬೇರೆಯವರಿಗೆ ತೊಂದರೆ ಆಗಬಾರದು, ಗರ್ಲ್ಸ್. ಕಟಪಾಡಿ ದಾಟುವಾಗ ನನಗೆ ಕಣ್ಣು ಮಂಜಾಯಿತು. ಆ ಮನುಷ್ಯನನ್ನು ನಾನು ಕಂಡವಳಲ್ಲ. ಅವನ ಮೊಣಕಾಲು, ಅವನ ನಾಯಿ, ಅವನ ಟೊಮೆಟೊ ಅಷ್ಟೇ ಗೊತ್ತು. ಒಬ್ಬರಿಗಾಗಿ ಅಳಲು ಅಷ್ಟು ಗೊತ್ತಿದ್ದರೆ ಸಾಕು ಎಂದು ನನಗೆ ಅಂದೇ ಗೊತ್ತಾದದ್ದು.

ಅತ್ತಿಗೆಗೆ ಹೇಳಿದೆ. ಅವರು ಬಂಗುಡೆ ಕೊಯ್ಯುತ್ತಿದ್ದವರು ಕತ್ತಿ ಕೆಳಗಿಟ್ಟರು. ಕೈ ತೊಳೆದು ಬಂದು ಕುಳಿತರು. ಆಮೇಲೆ ಅವರು ಕೇಳಿದ್ದು ಒಂದೇ, ಟಿಕೆಟನ್ನು ಸ್ವಲ್ಪ ಮುಂಚೆ ಮಾಡಲಿಕ್ಕೆ ಆಗುತ್ತದಾ ಎಂದು.

ಅವರಿಗೆ ಅರ್ಥವಾಗಲಿಲ್ಲ ಎಂದುಕೊಂಡು ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಮನೆ ಮುಚ್ಚಿದ್ದಾರೆ ಅತ್ತಿಗೆ, ಕ್ಯಾನ್ಸಲ್ ಮಾಡಿದ್ದಾರೆ, ದುಡ್ಡು ವಾಪಸು. ಅತ್ತಿಗೆ ನನ್ನನ್ನು, ಎಷ್ಟು ಓದಿದರೂ ಬುದ್ಧಿ ಬಾರದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. ಕೊನೆಗೆ ಕಾರ್ಕಳದಲ್ಲಿ ಶಾಲೆಯ ಟೀಚರ್ ಆಗಿರುವ ಅವರ ಮಗಳು ಶೈಲಾಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಾನು ಶರಣಾಗತಳಾದೆ.

"ಅಮ್ಮ, ಅವರು ಬರಬೇಡಿ ಅಂತ ಬರ್ದಿದ್ದಾರೆ," ಎಂದಳು ಶೈಲಾ.

"ಮದುವೆಗೆ ಆದ್ರೆ ಕರೆಯೋಲೆ ಬೇಕು. ಸಾವಿಗೆ ಯಾರು ಕರೀತಾರೆ? ಕೇಳಿದ ಮೇಲೆ ಹೋಗುವುದು."

"ಅಮ್ಮ, ಅದು ಹೋಟೆಲ್ ಇದ್ದ ಹಾಗೆ. ನೀವು ಗಿರಾಕಿಗಳು. ನಿಂಗೆ ಅವರು ಎಂತ ಆಗ್ಬೇಕು?"

ಅತ್ತಿಗೆ ಫೋನಿನ ಹತ್ತಿರ ಬಾಗಿದರು. "ಅವಳ ಗಂಡ ತೀರಿಹೋದ. ನನ್ನ ಗಂಡನೂ ತೀರಿಹೋದ್ರು. ಇದಕ್ಕಿಂತ ಹತ್ತಿರದ ಸಂಬಂಧ ಎಂತ ಬೇಕು ನಿಂಗೆ?"

ಆ ಕಡೆ ಕಾರ್ಕಳದ ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಕ್ಲಾಸ್ ಉಂಟು ಅಮ್ಮ ಎಂದು ಹೇಳಿ ಶೈಲಾ ಫೋನ್ ಇಟ್ಟಳು.

ನಮ್ಮ ಕಡೆಯ ಕ್ರಮ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸಾವಿನ ಮನೆಗೆ ನಾವು ಮಾತಾಡಿಸಲಿಕ್ಕೆ ಹೋಗುತ್ತೇವೆ. ಹೆಸರಿಗೆ ಮಾತಾಡಿಸುವುದು. ಹೋದವರು ಕೇಳುವ ಪ್ರಶ್ನೆ ಒಂದೇ: ಹೇಗಾಯಿತು? ಮನೆಯವರು ಮೊದಲಿನಿಂದ ಹೇಳುತ್ತಾರೆ. ಬೆಳಿಗ್ಗೆ ಎದ್ದದ್ದು, ಚಾ ಕುಡಿದದ್ದು, ಎದೆ ಹಿಡಿದುಕೊಂಡದ್ದು. ಹತ್ತು ನಿಮಿಷದಲ್ಲಿ ಬೇರೆಯವರು ಬರುತ್ತಾರೆ, ಮತ್ತೆ ಮೊದಲಿನಿಂದ. ಸಂಜೆಯೊಳಗೆ ಅದೇ ಕತೆ ಅದೆಷ್ಟು ಸಲವೋ! ಕಾನ್ವೆಂಟಿನ ನನಗೆ ಇದು ಯಾವಾಗಲೂ ಬಾರ್ಬರಿಕ್ ಎನ್ನಿಸಿದ್ದು ನಿಜ. ಗಾಯವನ್ನು ಹೀಗೆ ಯಾರಾದರೂ ಕೆದಕುತ್ತಾರಾ? ಲಿಲ್ಲಿ ಹೂವಿನ ಚಿತ್ರವಿರುವ ಒಂದು ಕಾರ್ಡು, ವಿತ್ ಡೀಪೆಸ್ಟ್ ಸಿಂಪತಿ, ಕೆಳಗೆ ಸಹಿ. ಎಷ್ಟು ನೀಟ್!

ಐಲೀನ್‌ಗೆ ನಾನು ಬರೆದದ್ದೂ ಅಂಥದ್ದನ್ನೇ. ಅತ್ತಿಗೆ ತುಳುವಿನಲ್ಲಿ ಹೇಳಿಸಿ ಕೇಳಿದರು.

"ಹೇಗಾಯಿತು ಅಂತ ಕೇಳಿದ್ದೀಯಾ?"

"ಹಾಗೆಲ್ಲ ಕೇಳಬಾರದು ಅತ್ತಿಗೆ. ಅವರಲ್ಲಿ ಅದು ಕ್ರಮ ಅಲ್ಲ."

"ಕೇಳದಿದ್ರೆ ಅವಳು ಯಾರ ಹತ್ತಿರ ಹೇಳುವುದು? ನಾಯಿಯ ಹತ್ತಿರವಾ?"

ಕಣ್ಣು ಮುಚ್ಚಿಕೊಂಡು ಬರೆದೆ: ಹೌ ಡಿಡ್ ಇಟ್ ಹ್ಯಾಪನ್? ನಾವು ಬಂದು ನಿಮ್ಮ ಜೊತೆ ಕುಳಿತುಕೊಳ್ಳುತ್ತೇವೆ, ಬ್ರೇಕ್‌ಫಾಸ್ಟ್ ಬೇಡ, ಸಾವಾದ ಮನೆಯಲ್ಲಿ ಒಲೆ ಹಚ್ಚುವ ಕೆಲಸ ಬಂದವರದ್ದು ಎಂಬುದನ್ನೂ ಅತ್ತಿಗೆ ಬರೆಸಿದರು. ಕಳಿಸಿದ ಮೇಲೆ ನನಗೆ ಒಂದು ವಾರ ಸರಿಯಾಗಿ ನಿದ್ದೆ ಇಲ್ಲ. ಆ ಹೆಂಗಸು ನಮ್ಮನ್ನು ಏನೆಂದುಕೊಂಡಿತೋ! ಸಿಸ್ಟರ್ ಮೇಲಿನಿಂದ ರೂಲರ್ ಹುಡುಕುತ್ತಿದ್ದರೋ ಏನೋ!

ಉತ್ತರ ಬಂದಾಗ ಅದನ್ನು ಓದಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಅಷ್ಟು ಉದ್ದ. ಗಾಜಿನ ಮನೆಗೆ ಚಾ ತೆಗೆದುಕೊಂಡು ಹೋದದ್ದು, ನಾಯಿ ಬಾಗಿಲಲ್ಲೇ ನಿಂತದ್ದು, ಅವನು ಕುಂಡಗಳ ಮಧ್ಯೆ ಗೋಡೆಗೆ ಒರಗಿ ಕುಳಿತಿದ್ದದ್ದು, ಮಲಗಿದ್ದಾನೆ ಎಂದುಕೊಂಡು ಇವಳು ಪಕ್ಕದಲ್ಲಿ ಚಾ ಇಟ್ಟು ಹಿಂದೆ ಬಂದದ್ದು. ಹಿಂದೆ ಬಂದು ಪಾತ್ರೆ ತೊಳೆದದ್ದು. ಕೊನೆಯಲ್ಲಿ ಹೀಗಿತ್ತು: ಎಲ್ಲರೂ ಕಾರ್ಡ್ ಕಳಿಸಿದ್ದಾರೆ, ಹೇಗಾಯಿತು ಎಂದು ನೀವೊಬ್ಬರೇ ಕೇಳಿದ್ದು. ಬನ್ನಿ.

ನಾನು ಓದಿ ಹೇಳುತ್ತಾ ಹೋದೆ, ಅತ್ತಿಗೆ ಹೂಂ ಹೂಂ ಎನ್ನುತ್ತಾ ಕೇಳಿದರು, ಐಲೀನ್ ಎದುರಿಗೇ ಚಾಪೆಯ ಮೇಲೆ ಕುಳಿತಿರುವ ಹಾಗೆ. ಚಾ ಇಟ್ಟು ಹಿಂದೆ ಬಂದ ಕಡೆಯನ್ನು ಮಾತ್ರ ಇನ್ನೊಮ್ಮೆ ಓದು ಎಂದರು.

ಟಿಕೆಟ್ ಮುಂಚೆ ಮಾಡಿಸಿದೆವು. ವೀಸಾಕ್ಕೆ ಬೆಂಗಳೂರಿಗೆ ಹೋದಾಗ ಕೌಂಟರಿನ ಹುಡುಗಿ ಯಾತಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿದಳು. ನಾನು ಟೂರಿಸಂ ಎಂದೆ. ಅತ್ತಿಗೆ ಅವಳ ಕಡೆ ಬಾಗಿ, ಒಬ್ಬರನ್ನು ಮಾತಾಡಿಸಲಿಕ್ಕೆ ಉಂಟು ಎಂದರು. ಆ ಹುಡುಗಿ ಹಾಸನದ ಕಡೆಯವಳಂತೆ, ಅರ್ಥವಾಯಿತೋ ಇಲ್ಲವೋ, ಅತ್ತಿಗೆಯ ಮುಖ ನೋಡಿ ಮುಂದಿನ ಕಾಗದ ತೆಗೆದಳು. ವೀಸಾ ಬಂತು. ಸೂಟ್‌ಕೇಸಿನಿಂದ ಮಲ್ಲಿಗೆಯ ಯೋಚನೆ ಹೊರಬಿತ್ತು, ಸಿಹಿಯೂ ಹೊರಬಿತ್ತು. ಸಾವಿನ ಮನೆಗೆ ಹೂವು ಸಿಹಿ ಒಯ್ಯುವುದಿಲ್ಲ. ಆ ಜಾಗಕ್ಕೆ ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ. ಗಂಜಿ ಮಾಡಿ ಬಡಿಸುವುದಂತೆ. ಅವರಿಗೆ ಗಂಜಿ ಗೊತ್ತಿರಬೇಕಲ್ಲ ಎಂದೆ. ಬೆಳಿಗ್ಗೆ ಓಟ್ಸ್ ಬೇಯಿಸಿ ಪಾರಿಡ್ಜ್ ತಿನ್ನುವವರಿಗೆ ಗಂಜಿಯ ಗುರುತು ಹೇಳಿಕೊಡಬೇಕಾ ಎಂದರು.

ಹೊರಡುವುದು ಬರುವ ವಾರ. ಮೊನ್ನೆ ಗುರುವಾರ ಕಾಪುವಿಗೆ ಹೋದಾಗ ಅತ್ತಿಗೆ ಮನೆಯ ಮುಂದಿನ ಚಾವಡಿಯಲ್ಲಿ ಕುಳಿತು ಆ ಕುಚ್ಚಲಕ್ಕಿಯನ್ನು ಗೆರಸೆಯಲ್ಲಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಎಂದಿನಂತೆ ಕೆಣಕಿದೆ. ಅಲ್ಲ ಅತ್ತಿಗೆ, ಏಳು ಸಮುದ್ರ ದಾಟಿ ಹೋಗಿ ಸುಮ್ಮನೆ ಕೂತು ಬರುವುದಾ? ಅಷ್ಟು ಹಟ ಯಾಕೆ ನಿಮಗೆ?

ಅವರು ತಲೆ ಎತ್ತಲಿಲ್ಲ. ಅಕ್ಕಿಯ ಮೇಲೆ ಕೈಯಾಡಿಸುತ್ತಲೇ ಇದ್ದರು.

"ನಿನ್ನ ಅಣ್ಣ ಹೋದ ದಿನ ನಾನು ಈ ಚಾವಡಿಯಲ್ಲಿ ಚಾಪೆ ಹಾಸಿ ಇಟ್ಟಿದ್ದೆ. ಬಂದವರಿಗೆ ಕೂರ್ಲಿಕ್ಕೆ ಬೇಕಲ್ಲ ಅಂತ. ಯಾರೂ ಬರ್ಲಿಕ್ಕಿಲ್ಲ ಅಂತ ಗೊತ್ತಿತ್ತು. ಆದ್ರೂ ಹಾಸಿದೆ."

ಆ ದಿನ ನಾನು ಮಣಿಪಾಲದ ಫ್ಲ್ಯಾಟಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ. ಬಸ್ಸಿಲ್ಲ, ದಾರಿಯಿಲ್ಲ. ಆಸ್ಪತ್ರೆಯಿಂದಲೇ ಅಣ್ಣನನ್ನು ಸ್ಮಶಾನಕ್ಕೆ ಕೊಂಡೊಯ್ದಿದ್ದರು.

"ಎಲ್ಲರೂ ಫೋನ್ ಮಾಡಿದ್ರು. ಅತ್ತರು. ನೀನೂ ಅತ್ತೆ. ನಾನು ಎಲ್ಲರನ್ನೂ ಸಮಾಧಾನ ಮಾಡಿದೆ. ದಾರಿ ಬಿಟ್ಟ ಮೇಲೆ ಎಲ್ಲರೂ ಬಂದ್ರು. ಆಗ ಆ ಮಾತು ತೆಗೆದ್ರೆ ನಂಗೆ ಬೇಜಾರಾಗ್ತದೆ ಅಂತ, ಮಳೆಯ ವಿಷಯ ಮಾತಾಡಿದ್ರು, ಮೀನಿನ ವಿಷಯ ಮಾತಾಡಿದ್ರು. ಇಷ್ಟು ವರ್ಷ ಆಯ್ತು. ಯಾರೂ ಕೇಳ್ಲಿಲ್ಲ."

ಅಷ್ಟು ಹೇಳಿ ಅವರು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

ನಾನು ಎದ್ದು ಒಳಗೆ ಹೋಗಿ, ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ್ದ ಚಾಪೆ ತಂದು ಹಾಸಿದೆ. ಮೊಣಕಾಲು ಬಗ್ಗದ ಈ ವಯಸ್ಸಿನಲ್ಲಿ, ಗೋಡೆ ಹಿಡಿದು, ನೆಲಕ್ಕೆ ಕುಳಿತೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಬಾಯಿಗೆ ಎರಡು ಶಬ್ದ ಹೊರಡಿಸಲು ಎಷ್ಟು ಕಷ್ಟವಾಯಿತು, ದೇವರಿಗೇ ಗೊತ್ತು.

"ಹೇಗಾಯಿತು ಅತ್ತಿಗೆ?"

ಅವರು ಗೆರಸೆ ಬದಿಗಿಟ್ಟರು. ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಮೊದಲಿನಿಂದ ಶುರುಮಾಡಿದರು. ಸೋಮವಾರ ಬೆಳಿಗ್ಗೆ ಅಣ್ಣ ಚಾ ಸಪ್ಪೆ ಎಂದದ್ದು, ಅದಕ್ಕೆ ಇವರು ಜಗಳ ಮಾಡಿದ್ದು. ಸಂಜೆಗೆ ಜ್ವರ ಬಂದದ್ದು. ಆಂಬ್ಯುಲೆನ್ಸ್ ಹತ್ತುವಾಗ ಅಣ್ಣ ಚಪ್ಪಲಿ ಹುಡುಕಿದ್ದು. ನನಗೆ ಎಲ್ಲ ಗೊತ್ತಿದ್ದ ಸಂಗತಿಗಳೇ. ಫೋನಿನಲ್ಲಿ ತುಂಡುತುಂಡಾಗಿ ಕೇಳಿದ್ದವೇ. ಆದರೆ ಒಂದನ್ನೂ ನಾನು ಕೇಳಿರಲೇ ಇಲ್ಲ.

"ಐಸ್ ಪ್ಲಾಂಟಿನವರ ಕೈ ಗೊತ್ತುಂಟಲ್ಲ, ಯಾವಾಗ ಮುಟ್ಟಿದ್ರೂ ತಣ್ಣಗೆ. ಆ ದಿನ ಬಿಸಿ ಇತ್ತು, ಮಾರಾಯ್ತಿ. ಮದುವೆಯಾದ ಮೇಲೆ ಮೊದಲನೇ ಸಲ."

ನಾನು ಹೂಂ ಎಂದೆ. ಅವರು ಹೇಳುತ್ತಾ ಹೋದರು. ಮುಗಿದ ಮೇಲೆ, ಮರೆತದ್ದು ನೆನಪಾಗಿ, ಮತ್ತೆ ಚಪ್ಪಲಿಯ ಹತ್ತಿರದಿಂದ ಹೇಳಿದರು. ಬಿಸಿಲು ಅಂಗಳ ದಾಟಿ ತೆಂಗಿನ ಬುಡಕ್ಕೆ ಹೋಯಿತು. ನಾನು ಅಣ್ಣನಿಗಾಗಿ, ಫೋನಿಲ್ಲದೆ, ಒಬ್ಬರ ಎದುರು ಕುಳಿತು ಅತ್ತೆ. ಈ ಸಲ ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಅವರೂ ಅತ್ತರು.

ಬಸ್ಸಿನ ಹೊತ್ತಾಯಿತು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎಂದು ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಸುಮ್ಮನೆ ಎದ್ದು ಹೋಗಬೇಕು. ಮನೆಯವರೂ ಬನ್ನಿ ಎನ್ನಬಾರದು. ನಾನು ಬ್ಯಾಗ್ ತೆಗೆದುಕೊಂಡೆ, ಚಪ್ಪಲಿ ಮೆಟ್ಟಿದೆ, ಮೆಟ್ಟಿಲಿಳಿದೆ. ಮಣಿಪಾಲ ಮುಟ್ಟಿದ ಕೂಡಲೇ ಫೋನ್ ಮಾಡು ಎಂದು ಗೇಟಿನ ತನಕ ಕೂಗಿ ಹೇಳುವ ಅತ್ತಿಗೆ, ಅಂದು ಏನೂ ಹೇಳಲಿಲ್ಲ. ಹಿಂದಿರುಗಿ ನೋಡಬಾರದಾದ್ದರಿಂದ ನಾನು ನೋಡಲಿಲ್ಲ. ಚಾವಡಿಯಲ್ಲಿ ಅವರು ಚಾಪೆ ಸುತ್ತುವ ಸದ್ದು ಮಾತ್ರ ಕೇಳಿಸಿತು.